ಕ್ಯಾಮೆರಾಕ್ಕೆ ಕಟ್ಟಿದ ಬಲೆಯ ಹಗ್ಗ

ಆ ಪಾರ್ಸೆಲ್ಲು ಬಂದ ದಿನ ನನಗೆ ಮನೆ ಮುಟ್ಟುವವರೆಗೆ ತಾಳ್ಮೆ ಇರಲಿಲ್ಲ. ಕುಮಟೆಯ ನಮ್ಮ ಬ್ಯಾಂಕಿನ ಕೌಂಟರಿನಲ್ಲಿ ಕೂತೇ ಕೀಲಿಕೈಯಿಂದ ಅದರ ಅಂಟುಪಟ್ಟಿ ಹರಿದೆ. ಪಾಸ್‌ಬುಕ್ ಹಿಡಿದವರು ಎದುರಿಗೆ ನಿಂತಿದ್ದರು. ಒಂದು ನಿಮಿಷ ನಿಲ್ಲಲಿ, ಏನಾಗುತ್ತದೆ! ಒಳಗಿದ್ದದ್ದು ಎರಡು ಕ್ಯಾಮೆರಾ. ಊಟದ ಡಬ್ಬಿಯಷ್ಟು ದೊಡ್ಡವು, ಒಣಗಿದ ಎಲೆಯ ಬಣ್ಣದವು. ಮರಕ್ಕೆ ಕಟ್ಟಿ ಬಂದರೆ ಸಾಕು, ಎದುರಿಗೆ ಪ್ರಾಣಿ ಹಾದಾಗ ತಾನಾಗಿ ಫೋಟೋ ತೆಗೆಯುತ್ತವೆ.

"ನೋಡೇ, ನಿಮ್ಮ ಕಡವೆ ಸಿಕ್ತು ಅಂತಲೇ ತಿಳ್ಕ!" ಎಂದು ಪಕ್ಕದ ಕೌಂಟರಿನ ಗೆಳತಿಗೆ ಕೂಗಿದೆ.

ಕಡವೆ ಅವಳ ಮಾವನ ವೈರಿ. ಕತಗಾಲದಲ್ಲಿ ಅವರ ತೋಟದ ಕೆಳಗೊಂದು ಗದ್ದೆ. ಭತ್ತ ಕೊಯ್ದ ಮೇಲೆ ಅಲ್ಲಿ ಅಲಸಂದೆ ಹಾಕುತ್ತಾರೆ. ಬಳ್ಳಿ ಹಬ್ಬುವ ಹೊತ್ತಿಗೆ ಈ ದೊಡ್ಡ ಜಾತಿಯ ಜಿಂಕೆ ಕಾಡಿನಿಂದಿಳಿದು ಬಂದು ಚಿಗುರನ್ನೆಲ್ಲ ಸವರಿ ಹೋಗುತ್ತದೆ. ಮಾವನಿಗೆ ತಲೆ ಕೆಟ್ಟು, ಗದ್ದೆಯ ಸುತ್ತ ತಂತಿ ಎಳೆದು ಮನೆಯ ಕರೆಂಟು ಹರಿಸುತ್ತೇನೆಂದು ವೈರಿನ ಸುರುಳಿಯನ್ನೇ ತಂದಿಟ್ಟಿದ್ದರು. ಅದು ಅಪರಾಧ, ಮನುಷ್ಯರೂ ಸಾಯುತ್ತಾರೆ ಎಂದು ಗೆಳತಿ ಬೇಡಿಕೊಂಡರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಕೇಳಿ ನನಗೆ ಮೈ ಉರಿಯಿತು. ಸಮುದ್ರದ ದಂಡೆಯಲ್ಲಿ ಹುಟ್ಟಿದ ನಾನು ಜೀವಂತ ಕಡವೆಯನ್ನು ಒಮ್ಮೆಯೂ ಕಂಡವಳಲ್ಲ. ಕಾಣುವ ಮೊದಲೇ ಅದು ಸುಟ್ಟು ಬೀಳಬೇಕೇ? ಒಂದು ಭಾನುವಾರ ಸ್ಕೂಟರ್ ಹತ್ತಿ ಅವರ ಮನೆಗೇ ಹೋಗಿ ಜಗಳಕ್ಕೆ ನಿಂತೆ. ನಾನೂ ಅವರನ್ನು ಮಾವ ಎಂದೇ ಕರೆಯುವುದು.

"ಮಾವ, ಅದು ಎಲ್ಲಿಂದ ಒಳಗೆ ಬತ್ತದೆ ಅಂತ ನಾ ತೋರಿಸ್ತೆ. ಅಲ್ಲೊಂದೇ ಕಡೆ ಬೇಲಿ ಗಟ್ಟಿ ಮಾಡಿ. ಕರೆಂಟು ಬ್ಯಾಡ."

ಅವರು ಎಲೆಯಡಿಕೆಯ ಕವಳ ಜಗಿಯುತ್ತ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ತೋರ್ಸು ನೋಡನ. ಹುಣ್ಣಿಮೆವರೆಗೆ ತಡಿತೆ. ಆಮೇಲೆ ಯಾರ ಮಾತೂ ಕೇಳ್ತ್ನಿಲ್ಲೆ."

ಕ್ಯಾಮೆರಾ ಆರಿಸುವುದರಲ್ಲಿ ನನ್ನ, ಗೆಳತಿಯ ಮಧ್ಯಾಹ್ನದ ಊಟವೆಲ್ಲ ಜಗಳದಲ್ಲೇ ಮುಗಿಯುತ್ತಿತ್ತು. ಅವಳಿಗೆ ಬಣ್ಣದ ಫೋಟೋ ಬೇಕು. ಬಣ್ಣ ಬೇಕಾದರೆ ಕತ್ತಲಲ್ಲಿ ಬಿಳಿ ಫ್ಲ್ಯಾಶ್ ಹೊಡೆಯಬೇಕು, ಕಡವೆ ಹೆದರಿ ಓಡುತ್ತದೆ. ಕೆಲವುಗಳಲ್ಲಿ ಕೆಂಪು ದೀಪ ಮಂದವಾಗಿ ಮಿನುಗುತ್ತದಂತೆ. ಅದೂ ಬೇಡ, ಕಣ್ಣಿಗೆ ಕಾಣದ ಬೆಳಕಿನದೇ ಆಗಬೇಕು, ಚಿತ್ರ ಕಪ್ಪುಬಿಳುಪಾದರೂ ಅಡ್ಡಿಯಿಲ್ಲ ಎಂದು ನಾನು ಪಟ್ಟು ಹಿಡಿದೆ. ಪ್ರಾಣಿ ಬಂದ ಕೂಡಲೇ ಕ್ಲಿಕ್ಕಿಸುವಂಥದ್ದಾಗಬೇಕು, ನಿಧಾನದ್ದಾದರೆ ಬಾಲ ಮಾತ್ರ ಸಿಗುತ್ತದೆ. ಇಬ್ಬನಿ ಒಳಗಿಳಿಯದಂತೆ ಮುಚ್ಚಳಕ್ಕೆ ರಬ್ಬರು ಬೇಕು.

"ಮೊಬೈಲಿಗೇ ಫೋಟೋ ಕಳಿಸೂದು ಇರ್ತದಂತಲ್ಲೇ, ಅದೇ ತಕಳ್ವ," ಎಂದಳು ಗೆಳತಿ. ಆ ಗದ್ದೆಯಲ್ಲಿ ಫೋನಿಗೆ ಒಂದು ಕಡ್ಡಿ ಸಿಗ್ನಲ್ಲೂ ಬರುವುದಿಲ್ಲ ಎನ್ನುವುದನ್ನು ಆ ಮನೆಯ ಸೊಸೆಯೇ ಮರೆತಿದ್ದಳು!

ಪಾರ್ಸೆಲ್ಲು ಬಂದ ವಾರದ ಭಾನುವಾರವೇ ಇಬ್ಬರೂ ಗದ್ದೆಗಿಳಿದೆವು. ಗದ್ದೆಯಂಚಿನ ಹಲಸಿನ ಮರದ ಬುಡದಲ್ಲಿ ಹಸಿ ಗೊರಸಿನ ಗುರುತು, ಹಿಕ್ಕೆ, ಬಗ್ಗಿಹೋದ ಬೇಲಿ, ಎಲ್ಲ ಇತ್ತು. ಅದು ನನ್ನ ಜಾಗ ಎಂದೆ. ಬಿಸಿಲು ಕಣ್ಣಿಗೆ ಹೊಡೆಯದಂತೆ ಉತ್ತರಕ್ಕೆ ಮುಖ ಮಾಡಿ, ಸೊಂಟದೆತ್ತರಕ್ಕೆ ಕ್ಯಾಮೆರಾ ಇಟ್ಟೆ. ಗಾಳಿಗೆ ಎಲೆ ಅಲ್ಲಾಡಿದರೂ ಕ್ಲಿಕ್ಕಿಸುತ್ತದೆಂದು ಎದುರಿನ ಗಿಡಗಂಟಿ ಸವರಿದೆ. ಜೊತೆಗೆ ಬಂದ ಪಟ್ಟಿ ಆ ದಪ್ಪ ಮರಕ್ಕೆ ಸಾಲಲಿಲ್ಲ. ನನಗೆ ಮೊದಲೇ ಗೊತ್ತಿತ್ತು! ಅಣ್ಣನ ದೋಣಿಯಿಂದ ಹಳೇ ಬಲೆಯ ಹಗ್ಗ ತಂದಿದ್ದೆ. "ಕಾಡಿಗೆ ಹೋಗಿ ಮೀನು ಹಿಡಿತ್ಯಾ?" ಎಂದು ಅಮ್ಮ ನಕ್ಕಿದ್ದಳು. ಆ ಹಗ್ಗ ಸುತ್ತಿ, ನಮ್ಮ ಮನೆಯವರು ಬಲೆಗೆ ಹಾಕುವ ಗಂಟು ಹಾಕಿದೆ. ಕ್ಯಾಮೆರಾ ಕಾಣದಿರಲೆಂದು ಬಲೆಯ ಒಂದು ತುಂಡನ್ನೂ ಹೊದಿಸಿದೆ. ಗೆಳತಿ ಗದ್ದೆಯ ಆಚೆ ತುದಿಯ ಮತ್ತಿಮರಕ್ಕೆ ತನ್ನದನ್ನು ಒಣ ಬಾಳೆನಾರಿನಿಂದ ಕಟ್ಟುತ್ತಿದ್ದಳು.

"ಆ ನಾರು ನಾಳೆಗೇ ಹರಿತದೆ ನೋಡು!" ಎಂದು ಕೂಗಿದೆ.

"ನಿಂದು ಎಂತ, ಲಂಗರು ಹಾಕೂದಾ?" ಎಂದು ಅವಳೂ ಅಲ್ಲಿಂದಲೇ ಕೂಗಿದಳು.

ಮುಂದಿನ ಭಾನುವಾರ ನಾನೊಬ್ಬಳೇ ಹೋಗಿ ಎರಡೂ ಕ್ಯಾಮೆರಾದ ಕಾರ್ಡು ತೆಗೆದು ತಂದೆ. ಜಗಲಿಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತೆವು. ಮಾವನೂ ಕನ್ನಡಕ ಹಾಕಿಕೊಂಡು ಬಂದರು. ನನ್ನದೇ ಮೊದಲು. ಮನೆಯ ನಾಯಿ, ಪಕ್ಕದ ಮನೆಯ ನಾಯಿ, ಕಬ್ಬೆಕ್ಕು, ನರಿ, ಮತ್ತೆ ನರಿ, ಊರ ಬೆಕ್ಕುಗಳ ದೊಡ್ಡ ಸಭೆ. ಒಂದು ಫೋಟೋದ ತುಂಬ ಬರೀ ನಾಲಿಗೆ. ಯಾವುದೋ ಪ್ರಾಣಿ ನನ್ನ ಕ್ಯಾಮೆರಾವನ್ನೇ ನೆಕ್ಕಿತ್ತು. ಹೊಟ್ಟೆ ಉರಿದುಹೋಯಿತು. ಆಮೇಲೆ ಗೆಳತಿಯದು ಹಾಕಿದರೆ ಮೊದಲ ಚಿತ್ರದಲ್ಲೇ ಕಡವೆ! ಅಯ್ಯೋ ದೇವರೇ, ಆ ಕಿವಿ, ಆ ಉದ್ದ ಕತ್ತು! ಅದರ ಹೊಟ್ಟೆಗೆ ಒತ್ತಿಕೊಂಡು ಒಂದು ಮರಿ. ನಾನು ಕಿರುಚಿದ್ದಕ್ಕೆ ಅಡಿಗೆಮನೆಯಿಂದ ಎಲ್ಲರೂ ಓಡಿ ಬಂದರು.

ಮಾವ ಮಾತ್ರ ಕನ್ನಡಕ ತೆಗೆದರು. "ಹಲಸಿನ ಮರದ ಹತ್ರ ಹೋಪದು ಬಿಟ್ಟು ಈಗ ಮತ್ತಿಮರದ ಬದಿಗೆ ಬತ್ತಾ ಇದ್ದು. ಒಂದು ದಾರಿ ಮುಚ್ಚಿರೆ ಇನ್ನೊಂದು. ಸುತ್ತ ಕರೆಂಟೇ ಸೈ."

ಕಡವೆಯನ್ನು ಉಳಿಸಲೆಂದು ನಾನು ತಂದ ಕ್ಯಾಮೆರಾ ಅದರ ಮೇಲೇ ಸಾಕ್ಷಿ ಹೇಳಿತ್ತು. ಏನಾದರೂ ಸಿಕ್ಕೀತೇ ಎಂದು ನನ್ನ ಫೋಟೋಗಳನ್ನು ಮತ್ತೆ ಒಂದೊಂದಾಗಿ ನೋಡಿದೆ. ನಾಯಿಗಳ ನಡುವೆ ಬಿಟ್ಟುಹೋದದ್ದೊಂದಿತ್ತು: ಕಡವೆ ನನ್ನ ಕ್ಯಾಮೆರಾದ ಕಡೆಗೇ ಕತ್ತು ಚಾಚಿ ಮೂಗು ಎತ್ತಿದೆ. ಅದರ ಮುಂದಿನದರಲ್ಲಿ ನಿಮಿರಿದ ಬಾಲ ಮಾತ್ರ. ಯಾಕೆ ಓಡಿತು? ಮೂವರೂ ಗದ್ದೆಗಿಳಿದೆವು.

ಹಲಸಿನ ಮರ ಇನ್ನೂ ದೂರವಿರುವಾಗಲೇ ಗೆಳತಿ ಸೆರಗಿನಿಂದ ಮೂಗು ಮುಚ್ಚಿಕೊಂಡಳು. "ಥೂ! ಎಂತ ಕಟ್ಟಿದ್ಯೇ ಅದಕ್ಕೆ?"

"ಹಗ್ಗ."

"ಹಗ್ಗ ಅಲ್ಲ ಮಾರಾಯ್ತಿ, ಮೀನು!"

ನಾನು ಹಗ್ಗಕ್ಕೆ ಮೂಗು ಹಚ್ಚಿ ಉಸಿರು ಎಳೆದೆಳೆದು ನೋಡಿದೆ. ಆಣೆ ಮಾಡಿ ಹೇಳುತ್ತೇನೆ, ನನಗೇನೂ ವಾಸನೆ ಬರಲಿಲ್ಲ. ಹುಟ್ಟಿದಾಗಿನಿಂದ ಅದೇ ಗಾಳಿಯಲ್ಲಿ ಬೆಳೆದ ಮೂಗು ನನ್ನದು. ನಾಯಿ ಬೆಕ್ಕು ನರಿಗೆಲ್ಲ ಊಟಕ್ಕೆ ಕರೆ ಕೊಟ್ಟಿದ್ದೆ, ಕಡವೆಯನ್ನು ಓಡಿಸಿದ್ದೆ!

ಮಾವ ನಮ್ಮ ಮಾತು ಕೇಳುತ್ತಲೇ ಇರಲಿಲ್ಲ. ಮರದ ಸುತ್ತಿನ ಅಲಸಂದೆ ಬಳ್ಳಿಯನ್ನು ಬೆರಳಲ್ಲಿ ಎತ್ತಿ ಎತ್ತಿ ನೋಡುತ್ತಿದ್ದರು. ಅಲ್ಲಿ ಹೊಸ ಕುಡಿ ಬಂದಿತ್ತು, ಒಂದಕ್ಕೂ ಹಲ್ಲು ತಾಗಿರಲಿಲ್ಲ.

"ಮಾವ, ಹಗ್ಗ ಎಷ್ಟು ಬೇಕಾದ್ರೂ ತತ್ತೆ. ಬಲೆ ಬ್ಯಾಡ, ಮರಿ ಸಿಕ್ಕಾಕಂತದೆ. ಹಗ್ಗದ ತುಂಡು ಮಾತ್ರ ಸುತ್ತ ಕಟ್ವ," ಎಂದೆ. ಹೇಳಿದ ಮೇಲೆ ನೆನಪಾಯಿತು: ಕೋಳಿಮೊಟ್ಟೆಯೂ ಹೊಸ್ತಿಲು ದಾಟದ ಮನೆ ಅದು.

ಅವರು ಒಮ್ಮೆ ಮನೆಯ ಕಡೆ, ಒಮ್ಮೆ ಗದ್ದೆಯ ಕಡೆ ನೋಡಿದರು. "ಗದ್ದೆಗೆ ಅಡ್ಡಿಲ್ಲೆ. ಬಾವಿ ಹತ್ರ ತರಡ," ಎಂದರು.

ಅಣ್ಣನ ದೋಣಿಯ ಹಗ್ಗ, ಅವನ ಜೊತೆಯವರ ಹಗ್ಗ, ಎಲ್ಲ ಚೀಲಕ್ಕೆ ತುಂಬಿ ತಂದು ಬೇಲಿಯುದ್ದಕ್ಕೂ ತುಂಡು ತುಂಡಾಗಿ ಅದೇ ಗಂಟು ಹಾಕಿ ಕಟ್ಟಿದೆ. ನನ್ನ ಕ್ಯಾಮೆರಾವನ್ನು ಈ ಸಲ ಬಾಳೆನಾರಿನಿಂದ ಕಟ್ಟಿದೆ. ಗೆಳತಿ ಬಿದ್ದು ಬಿದ್ದು ನಕ್ಕಳು. ವೈರಿನ ಸುರುಳಿ ಇನ್ನೂ ಅಟ್ಟದ ಮೇಲೆಯೇ ಇತ್ತು, ಹುಣ್ಣಿಮೆ ಹತ್ತಿರ ಬರುತ್ತಿತ್ತು.

ಹುಣ್ಣಿಮೆಗೆ ಮುಂಚಿನ ಭಾನುವಾರ ಮಾವ ಪೇಟೆಗೆ ಹೋಗಿದ್ದರು. ನಾವಿಬ್ಬರೇ ಫೋಟೋ ನೋಡಿದೆವು. ತಾಯಿ ಕಡವೆ ಬೇಲಿಯ ಹೊರಗೆ ಹಳ್ಳದ ಕಡೆ ಸಾಗುತ್ತಿತ್ತು, ಹಿಂದೆ ಮರಿ. ಒಳಗೆ ಕಾಲಿಟ್ಟಿರಲಿಲ್ಲ! ನಾನು ಗೆಳತಿಯನ್ನು ಎತ್ತಿ ತಿರುಗಿಸಿಬಿಟ್ಟೆ. ಮುಂದಿನದು ಬೆಳಗಿನ ಫೋಟೋ. ಅದರಲ್ಲಿ ಮಾವ. ಮೂಗು ಬಾಯಿಗೆ ಹೆಗಲ ಮೇಲಿನ ಪಂಜಿ ಸುತ್ತಿಕೊಂಡು, ಕಣ್ಣು ಕಿರಿದು ಮಾಡಿ, ಬಿದ್ದಿದ್ದ ಮೀನುಹಗ್ಗವೊಂದನ್ನು ಬೇಲಿಗೂಟಕ್ಕೆ ಮತ್ತೆ ಬಿಗಿಯುತ್ತಿದ್ದರು. ಬಿಗಿಯುತ್ತಿದ್ದದ್ದು ಅದೇ ವೈರಿನಿಂದ. ಗೇಣುದ್ದಕ್ಕೆ ಕತ್ತರಿಸಿದ ತುಂಡುಗಳ ಕಟ್ಟೊಂದು ಅವರ ಬಗಲಲ್ಲಿತ್ತು.

ನನಗೆ ಅಳುವೇ ಬಂತು. ಪೇಟೆಯಿಂದ ಬಂದವರನ್ನು ಅಂಗಳದಲ್ಲೇ ಅಡ್ಡಗಟ್ಟಿದೆ. "ಮಾವ, ವೈರು ಕತ್ತರಿಸಿಬಿಟ್ರಾ?"

ಅವರು ಚೀಲ ಕೆಳಗಿಟ್ಟು ಸಿಡುಕಿದರು. "ಮತ್ತೆಂತ ಮಾಡದು? ನಿನ್ನ ಆ ಗಂಟು ಎನಗೆ ಹಾಕಲೆ ಬತ್ತಿಲ್ಲೆ."