ಎಡದ ಎತ್ತು ಬಲಕ್ಕೆ ಬಂದದ್ದು

ಗಾಡಿ ಎಂದರೆ ಈಗ ನಮ್ಮ ಕಡೆ ಎಲ್ಲರಿಗೂ ಬೈಕು. ನಮ್ಮ ಮನೆಯಲ್ಲಿ ಮಾತ್ರ ಇನ್ನೂ ಎತ್ತಿನ ಗಾಡಿಯೇ. ಶಿರಸಿ ತಾಲೂಕಾದರೂ ನಾವು ಅಡಿಕೆ ತೋಟದವರಲ್ಲ, ಬನವಾಸಿ ಕಡೆಯ ಗದ್ದೆಯವರು. ಹಳ್ಳದಾಚೆ ನಮ್ಮದೊಂದು ಜೌಗು ಗದ್ದೆಯಿದೆ. ಟ್ರ್ಯಾಕ್ಟರ್ ಇಳಿದರೆ ಹೂತುಕೊಳ್ಳುತ್ತದೆ. ಅಲ್ಲಿಗೆ ಗೊಬ್ಬರ ಹೋಗುವುದೂ ಅಲ್ಲಿಂದ ಹುಲ್ಲು ಬರುವುದೂ ಗಾಡಿಯಲ್ಲೇ. ನಮ್ಮ ಮನೆಯವರು ಕೆಳಗೆ ನಿಂತು ಹುಲ್ಲಿನ ಕಟ್ಟು ಎಸೆಯುತ್ತಾರೆ. ನಾನು ಗಾಡಿಯ ಮೇಲೆ ನಿಂತು ಹಿಡಿದು, ಒಟ್ಟಿ, ತುಳಿಯುತ್ತೇನೆ. ಮದುವೆಯಾಗಿ ಬಂದ ವರ್ಷ ಹತ್ತಿದವಳು ಇನ್ನೂ ಇಳಿದಿಲ್ಲ. ಮೊಣಕಾಲು ಕೈಕೊಟ್ಟು ಎಷ್ಟೋ ಕಾಲವಾಯಿತು. ಆ ಗದ್ದೆ ಪಾಲಿಗೆ ಕೊಟ್ಟುಬಿಡೋಣ ಎಂದು ಹೇಳಬೇಕೆಂದು ಪ್ರತಿ ಸುಗ್ಗಿಯಲ್ಲೂ ಅಂದುಕೊಳ್ಳುತ್ತೇನೆ, ಹೇಳುವುದಿಲ್ಲ.

ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಬಲದ ಎತ್ತು ಸತ್ತುಹೋಯಿತು. ನೊಗದ ಎಡಕ್ಕೆ ಪಳಗಿದ ಎತ್ತನ್ನು ಎಡಕ್ಕೇ ಹೂಡಬೇಕು, ಬಲದ್ದನ್ನು ಬಲಕ್ಕೇ. ಉಳಿದದ್ದು ಎಡದ್ದು, ಅದೂ ಮುದಿ. ಸತ್ತ ಎತ್ತಿಗಾಗಿ ಕಣ್ಣೀರು ಹಾಕಿದೆ. ಆದರೆ ಇನ್ನು ಗಾಡಿ ನಿಂತಂತೆಯೇ ಎಂದು ಮನಸ್ಸಿನ ಒಂದು ಮೂಲೆ ಹಗುರವೂ ಆಯಿತು.

ನಮ್ಮವರು ಸುಮ್ಮನಿರಬೇಕಲ್ಲ! ಫೋನು ಹಿಡಿದು ಕೂತರು. ಹಾನಗಲ್ ಕಡೆಯವನೊಬ್ಬ ನೊಗಕ್ಕೆ ಹೂಡಿದ ತನ್ನ ಜೋಡೆತ್ತಿನ ಮುಂದೆ ನಿಂತು ಸೆಲ್ಫಿ ಹೊಡೆದು ಕಳಿಸಿದ್ದ. ಇವರು ಅದರಲ್ಲಿ ಬಲದ ಎತ್ತು ಯಾವುದೆಂದು ಗುರುತು ಮಾಡಿ ವ್ಯಾಪಾರ ಮುಗಿಸಿದರು. ಸೆಲ್ಫಿಯಲ್ಲಿ ಎಡ ಬಲ ಅದಲುಬದಲಾಗುತ್ತದೆ ಎಂದು ಗೊತ್ತಾದದ್ದು ಎತ್ತು ಮನೆಗೆ ಬಂದ ಮೇಲೆ. ಬಂದದ್ದೂ ಎಡದ್ದೇ. ಬಲಕ್ಕೆ ಹೂಡಿದರೆ ಒದೆಯುತ್ತಿತ್ತು, ನೊಗ ಕೊಡವಿ ಮಲಗಿಬಿಡುತ್ತಿತ್ತು. ಮಾರಿದವನು ವಾಪಸು ತೆಗೆದುಕೊಳ್ಳಲು ಒಪ್ಪಲಿಲ್ಲ. ನಾನು ಜಗಲಿಯಲ್ಲಿ ಕೂತು ಒಳಗೊಳಗೇ ನಕ್ಕೆ.

ಒಂದಷ್ಟು ದಿನ ಮುಖ ಊದಿಸಿಕೊಂಡಿದ್ದವರು ಒಂದು ಬೆಳಿಗ್ಗೆ ಹಳೆಯ ಎತ್ತನ್ನು ತಂದು ಬಲಗಡೆ ನಿಲ್ಲಿಸಿದರು.

"ಏನ್ರೀ ಇದು?" ಎಂದೆ.

"ಹೊಸಾದು ಮಾತು ಕೇಳೂದಿಲ್ಲ. ಇದು ಪಾಪದ್ದು, ಹೊಂದಿಕೊಳ್ತೈತಿ."

"ಹಲ್ಲು ಸವದು ಹೋಗ್ಯಾವು. ಈ ವಯಸ್ಸಿನ್ಯಾಗ ಅದಕ್ಕ ಹೊಸಾ ಪಾಠ ಯಾಕ್ರಿ?"

"ನೋಡೂಣು. ಅದು ಒಲ್ಲೆ ಅಂದ್ರ ಗಾಡೀನ ಬಿಟ್ಟುಬಿಡೂಣು, ಆತಿಲ್ಲೋ?"

ಈ ಮಾತು ಅವರ ಬಾಯಿಂದ ಬರುತ್ತದೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಅಂದಿನಿಂದ ದಿನವೂ ಕೊಟ್ಟಿಗೆಯಲ್ಲಿ ಎತ್ತಿನ ಮುಂದೆ ಹುಲ್ಲು ಹಾಕುತ್ತ ಮನಸ್ಸಿನಲ್ಲೇ ಬೇಡಿಕೊಂಡೆ: ಒದಿ, ಮಲಗು, ಏನಾದರೂ ಮಾಡು. ಮೊದಮೊದಲು ಅದು ಕಕ್ಕಾಬಿಕ್ಕಿಯಾಗಿ ನಿಲ್ಲುತ್ತಿತ್ತು. ರೂಢಿಯಂತೆ ಎಡಕ್ಕೆ ಸರಿಯಲು ಹೋಗಿ ಹೊಸ ಎತ್ತಿಗೆ ತಾಗಿ ಬೈಸಿಕೊಳ್ಳುತ್ತಿತ್ತು. ಹೆಗಲು ಕೆಂಪಾಗಿ ಬಾತುಕೊಂಡಿತು. ನಾನು ಅರಿಸಿನ ಕಲಸಿದ ಎಣ್ಣೆ ಹಚ್ಚಿದೆ. ಆಗಲೂ ಅದು ಒಂದು ಸಲವೂ ಕೊಂಬು ಬೀಸಲಿಲ್ಲ, ನನ್ನ ಕೈಯನ್ನೇ ಮೂಸಿತು.

ಸುಗ್ಗಿಯ ಹೊತ್ತಿಗೆ ಕಲಿತೇಬಿಟ್ಟಿತು. ಹುಲ್ಲು ತರಲು ಹೊರಟ ದಿನ ಯಾರೂ ಎಳೆಯದೆ ತಾನಾಗಿಯೇ ಬಲಗಡೆ ಹೋಗಿ ನಿಂತು, ನೊಗಕ್ಕೆ ಕತ್ತು ತಗ್ಗಿಸಿತು.

"ನೋಡಿದ್ಯಾ! ಬಂಗಾರದಂಥಾ ಎತ್ತು!" ಎಂದು ನಮ್ಮವರು ಅದರ ಬೆನ್ನು ತಟ್ಟಿದರು.

ನನಗೆ ಎತ್ತಿನ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು. ಅಳುವೂ ಬಂತು, ಸೆರಗಿನಿಂದ ಕಣ್ಣು ಒರೆಸಿಕೊಂಡೆ. ಒಲ್ಲೆ ಎನ್ನಲು ಅದಕ್ಕೊಂದು ಅವಕಾಶ ಕೊಟ್ಟಿದ್ದರು. ನನಗೆ ಅದೂ ಇರಲಿಲ್ಲ. ನನ್ನ ಪಾಲಿನದನ್ನೂ ಸೇರಿಸಿ ಅದು ಒಂದು ಸಲ ಒಲ್ಲೆ ಅನ್ನಬಹುದಿತ್ತು.

"ಹತ್ತು, ಹೊತ್ತಾತು," ಎಂದರು.

ಗಾಲಿಯ ಮೇಲೆ ಕಾಲಿಟ್ಟು ಹತ್ತಿದೆ.