ಹಿಟ್ಟಿನ ಡಬ್ಬಿಯ ತಳ

ಜೋಳದ ಹಿಟ್ಟಿನ ಡಬ್ಬಿಯ ತಳ ನಮ್ಮ ಮನೆಯಲ್ಲಿ ನನ್ನೊಬ್ಬಳ ಕಣ್ಣಿಗೇ ಬೀಳುತ್ತಿತ್ತು. ಜೋಳ ಹಸನು ಮಾಡಿ, ಕರೆಂಟು ಇರುವ ಹೊತ್ತು ನೋಡಿ ಗಂಡನನ್ನು ಗಿರಣಿಗೆ ಅಟ್ಟಬೇಕಿತ್ತು. ನಾನು ಮರೆತರೆ, "ಹೇಳಿದ್ರ ಹೋಗ್ತಿದ್ದಿಲ್ಲೇನು?" ಎನ್ನುತ್ತಿದ್ದರು.

ಒಮ್ಮೆ ಸಿಟ್ಟು ನೆತ್ತಿಗೇರಿತು. "ನೆನಪಿಟ್ಟು ಹೇಳೋದೂ ಒಂದು ಕೆಲಸಾನ ಐತ್ರಿ! ಇನ್ನ ಮ್ಯಾಲೆ ಹಿಟ್ಟಿನ ಚಿಂತಿ ನಿಮ್ದು" ಎಂದೆ.

ಮುಂದಿನ ಸಲ ಹಿಟ್ಟು ಮುಗಿದು ರೊಟ್ಟಿಯಿಲ್ಲದೆ ಬರೀ ಅನ್ನ ಉಂಡೆವು. ಆದರೂ ನಾನು ಅವರನ್ನು ಗಿರಣಿಗೆ ಅಟ್ಟಲಿಲ್ಲ.

ಮೊನ್ನೆ ಗಂಡನನ್ನು ಮನೆಯಲ್ಲೇ ಬಿಟ್ಟು, ಇಟ್ಟಿಗಿ ಊರಿನಲ್ಲಿ ಮದುವೆ ಮುಗಿಸಿಕೊಂಡು ನಾನೊಬ್ಬಳೇ ಹರಪನಹಳ್ಳಿಯ ಮನೆಗೆ ಬಂದಾಗ ಸಂಜೆಯಾಗಿತ್ತು. ಡಬ್ಬಿಯಲ್ಲಿ ಏನೂ ಇರಲಿಕ್ಕಿಲ್ಲವೆಂದುಕೊಂಡೇ ಕೈ ಹಾಕಿದೆ. ತುಂಬಿತ್ತು. ಗಿರಣಿಯ ಬಿಸಿ ಹಿಟ್ಟಿನಲ್ಲಿ ಇನ್ನೂ ಆರಿರಲಿಲ್ಲ. ಕೈ ತೆಗೆಯಲು ಮನಸ್ಸಾಗದೆ ಹಾಗೆಯೇ ನಿಂತೆ.