ಭುಜದ ಸದ್ದಡಗಿಸಿದ ಮೆಕ್ಯಾನಿಕ್

ರೇಡಿಯೋಗಳ ಬಾಯಿ ಬಿಡಿಸುವುದೇ ಕಸುಬಾದ್ದರಿಂದಲೋ ಏನೋ, ಆ ಮೆಕ್ಯಾನಿಕ್ ಮನುಷ್ಯರಿಗೆ ಮಾತ್ರ ಬಾಯಿ ಬಿಡಗೊಡುತ್ತಿರಲಿಲ್ಲ. ಬೀದಿಯವರು ಅವನಿಗೆ ವಾಲ್ಯೂಮಣ್ಣ ಎಂದೇ ಹೆಸರಿಟ್ಟಿದ್ದರು. ಗಿರಾಕಿ ತನ್ನ ಸೆಟ್ಟಿಗೆ ಏನಾಗಿದೆಯೆಂದು ಹೇಳಹೊರಟರೆ, ಸೆಟ್ಟೇ ಹೇಳುತ್ತದೆ, ನೀವು ಸುಮ್ಮನಿರಿ ಎಂದು ಗದರುತ್ತಿದ್ದ.

ಅಂಥವನ ಬಲಭುಜ ಕೈಕೊಟ್ಟಿತು. ತಂತಿ ಬೆಸೆಯುವ ಸೋಲ್ಡರಿಂಗ್ ಐರನ್ ಹಿಡಿದರೆ ಸಾಕು, ಭುಜ ಕಿವಿಯತ್ತ ಏರಿ ಮರಗಟ್ಟುತ್ತಿತ್ತು, ಬೆರಳು ನಡುಗಿ ಕಾದ ಸೀಸ ಪಕ್ಕದ ತಂತಿಗೆ ತೊಟ್ಟಿಕ್ಕುತ್ತಿತ್ತು. ಹೀಗೇ ಆದರೆ ಅಂಗಡಿ ಮುಚ್ಚುವುದೇ ಎಂದು ಹೆದರಿದ ಹೆಂಡತಿ ಅವನನ್ನು ಆಸ್ಪತ್ರೆಯ ಫಿಸಿಯೋಥೆರಪಿ ಕೋಣೆಗೆ ಎಳೆದೊಯ್ದಳು.

ಅಲ್ಲಿನ ಮೇಡಂ ಭುಜಕ್ಕೆ ಮೂರು ಬಿಲ್ಲೆ ಅಂಟಿಸಿ, ತಂತಿಗಳನ್ನು ಪುಟ್ಟ ಪೆಟ್ಟಿಗೆಯೊಂದಕ್ಕೆ ಸಿಕ್ಕಿಸಿದರು. ಸ್ನಾಯು ಬಿಗಿದರೆ ಪೆಟ್ಟಿಗೆ ಕುಂಯ್ ಎನ್ನುತ್ತದೆ, ಸಡಿಲವಾದರೆ ಸುಮ್ಮನಾಗುತ್ತದೆ. ಸದ್ದು ಕೇಳಿಕೊಂಡು ಭುಜ ಇಳಿಸಲು ಕಲಿಯಬೇಕು, ಅಷ್ಟೇ. ಕೆಲಸದ ಹೊತ್ತಿನಲ್ಲೂ ಅಭ್ಯಾಸವಾಗಲಿ ಎಂದು ಪೆಟ್ಟಿಗೆಯನ್ನು ಎರಡು ವಾರಕ್ಕೆ ಅವನ ಕೈಗೇ ಕೊಟ್ಟರು. ಪಾಪ, ಅವರಿಗೇನು ಗೊತ್ತು.

ಅಂಗಡಿಯಲ್ಲಿ ಅದು ಬೆಳಗಿನಿಂದ ಸಂಜೆವರೆಗೂ ಕುಂಯ್‌ಗುಟ್ಟಿತು. ಕುಂಯ್‌ಗುಟ್ಟುವ ಸೆಟ್ಟೆಂದರೆ ಅವನ ಪಾಲಿಗೆ ಕೆಟ್ಟ ಸೆಟ್ಟು. ಮೂರನೇ ದಿನ ಹಿಂಬದಿಯ ಸ್ಕ್ರೂ ಬಿಚ್ಚಿ, ಒಳಗಿನ ಪ್ರಿಸೆಟ್ ಎಂಬ ಪುಟ್ಟ ತಿರುಪನ್ನು ತಿರುಗಿಸಿ, ಪೆಟ್ಟಿಗೆಯ ಕಿವಿಯನ್ನೇ ಮಂದ ಮಾಡಿದ. ಅದು ತೆಪ್ಪಗಾಯಿತು. ಸರ್ಕ್ಯೂಟ್ ಗೊತ್ತಿದ್ದವನಿಗೆ ಡಾಕ್ಟರ್ ಯಾಕೆ ಎಂದು ಗಿರಾಕಿಗಳೆದುರು ಭಾಷಣ ಬಿಗಿದ. ಭಾಷಣದ ಜೊತೆ ಭುಜವೂ ಬಿಗಿಯಿತು. ಹೇಳಬೇಕಾದ ಪೆಟ್ಟಿಗೆ ಹೇಳಲಿಲ್ಲ.

ಹತ್ತನೇ ದಿನ ಶಾಲೆಯ ಆಂಪ್ಲಿಫೈಯರ್ ಬಂತು. ಕೈ ಜಾರಿತು, ಐರನ್ ಬೋರ್ಡನ್ನು ಚುರ್ ಎಂದು ಸುಟ್ಟಿತು. ಊಟದ ಡಬ್ಬಿ ತಂದಿದ್ದ ಹೆಂಡತಿ ಹೊಗೆಯನ್ನೂ ನೋಡಿದಳು, ಪೆಟ್ಟಿಗೆಯನ್ನೂ ನೋಡಿದಳು.

"ಇದ್ಯಾಕೆ ಕೂಗ್ಲೇ ಇಲ್ಲ?"

"ರಿಪೇರಿ ಮಾಡ್ದೆ."

"ಕೆಟ್ಟಿರೋದು ನೀವು. ರಿಪೇರಿ ಮಾತ್ರ ಅದಕ್ಕಾ?"

ಮರುದಿನ ಆಸ್ಪತ್ರೆಯಲ್ಲಿ, ಪೆಟ್ಟಿಗೆ ತಾನಾಗಿಯೇ ಕೆಟ್ಟಿತೆಂದು ಆ ಮಹಾಶಯ ವರದಿ ಒಪ್ಪಿಸಿದ. ಮೇಡಂ ಸ್ಕ್ರೂ ಮೇಲಿನ ಹೊಸ ಗೀರನ್ನು ಬೆರಳಿನಿಂದ ಸವರಿದರು.

"ಯಾರೋ ಕೆಲ್ಸ ಗೊತ್ತಿಲ್ದೋರು ಕೈ ಹಾಕಿದ್ದಾರೆ, ಅಲ್ವಾ?"

"ಹೂಂ ಮೇಡಂ," ಎಂದ.

ಮೇಡಂ ಪ್ರಿಸೆಟ್ಟನ್ನು ಮತ್ತೆ ಮೊದಲಿನಂತೆ ತಿರುಗಿಸಿ, ಬಿಲ್ಲೆ ಅಂಟಿಸಿ, ಅವನ ಕೈಗೆ ಪೆನ್ನೊಂದನ್ನು ಐರನ್ನಿನಂತೆ ಹಿಡಿಸಿದರು. ಪೆಟ್ಟಿಗೆ ಕುಂಯ್ ಎಂದಿತು. ಬೇರೆ ದಾರಿಯಿಲ್ಲದೆ ಅವನು ಕೇಳಿಸಿಕೊಂಡ. ಭುಜ ಕೂದಲೆಳೆಯಷ್ಟು ಇಳಿಯಿತು, ಸದ್ದು ತೆಳುವಾಯಿತು, ನಿಂತಿತು. ಬೆರಳುಗಳ ನಡುಕವೂ ನಿಂತಿತು. ಇದು ಹೇಗಾಯಿತೆಂದು ಮೇಡಂಗೆ ವಿವರಿಸಲು ಅವನು ಬಾಯಿ ತೆರೆದ.

ಪೆಟ್ಟಿಗೆ ಕುಂಯ್ ಎಂದಿತು. ಬಾಯಿ ಮುಚ್ಚಿದ.